ಎಂಬಸಿ ವೇಟಿಂಗ್ ಹಾಲಲ್ಲಿ ಎರಡು ಬೆಳಗ್ಗೆ

ಬ್ಯಾಗಿನ ಸೈಡ್ ಜಿಪ್ ತೆಗೆದಿತ್ತು, ಅಷ್ಟೇ. ಸ್ಟೇಷನ್ ಮೆಟ್ಟಿಲು ಇಳಿಯೋವಾಗ ಯಾರೋ ಒಬ್ರು ಮೈಗೆ ತಾಗಿಕೊಂಡೇ ಹೋದ್ರು ಅನ್ನೋದು ನೆನಪಿದೆ, ಆಗ ಏನೂ ಅನ್ನಿಸ್ಲಿಲ್ಲ, ರೂಮಿಗೆ ಬಂದು ಚಾರ್ಜರ್ ತೆಗೆಯೋಕೆ ಅಂತ ಕೈ ಹಾಕಿದ್ರೆ ಪಾಸ್‌ಪೋರ್ಟ್ ಇಟ್ಟಿದ್ದ ಜಾಗ ಖಾಲಿ. ಎದೆ ಧಸಕ್ ಅಂತು. ವಾಪಸ್ ಫ್ಲೈಟ್‌ಗೆ ಇನ್ನು ನಾಲ್ಕೇ ದಿನ, ಊರಿನ ಭಾಷೆ ಗೊತ್ತಿಲ್ಲ, ಇದ್ದ ಎರಡು ಕಾರ್ಡಲ್ಲಿ ಒಂದು ಪಾಸ್‌ಪೋರ್ಟ್ ಜೊತೆಗೇ ಹೋಗಿತ್ತು. ಯಾವ ದೇಶ, ಯಾವ ಎಂಬಸಿ ಅಂತ ಬರೆಯಲ್ಲ, ಅದು ಇಲ್ಲಿ ಮುಖ್ಯಾನೂ ಅಲ್ಲ.

ಮೊದಲು ಪೊಲೀಸ್ ಸ್ಟೇಷನ್. ಇದನ್ನ ಬಿಟ್ಟು ನೇರ ಎಂಬಸಿಗೆ ಓಡಿದ್ರೆ ಗೇಟಿಂದಾನೇ ವಾಪಸ್ ಕಳಿಸ್ತಾರೆ, ಕಂಪ್ಲೇಂಟ್ ಕಾಪಿ ಎಲ್ಲಿ ಅಂತಾರೆ. ಅಲ್ಲಿ ಬರೆಸೋಕೆ ಮೂರು ಗಂಟೆ ಹೋಯ್ತು, ಆ ಆಫೀಸರ್ ಫೋನಿನ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಮಾತಾಡ್ತಾ ಇದ್ರು, ಅದು ಒಂದ್ಸಲ ನನ್ನನ್ನೇ ಕಳ್ಳಿ ಅಂತ ಹೇಳಿ ಇಬ್ರೂ ನಕ್ವಿ. ಆ ಕಂಪ್ಲೇಂಟ್ ಕಾಪಿ ಇದೆಯಲ್ಲ, ಮುಂದಿನ ಎರಡು ದಿನ ಅದೇ ನನ್ನ ಗುರುತು, ಅದೇ ನನ್ನ ಜಾತಕ.

ಮರುದಿನ ಬೆಳಗ್ಗೆ ಎಂಬಸಿ. ನಮ್ಮ ತಲೆಯಲ್ಲಿ ಎಂಬಸಿ ಅಂದ್ರೆ ಏನೋ ಒಂದು ದೊಡ್ಡ ಚಿತ್ರ ಇರುತ್ತೆ ನೋಡಿ, ಬಾವುಟ, ಎತ್ತರದ ಗೇಟು, ಒಳಗೆ ಕಾಲಿಟ್ಟರೆ ನಮ್ಮ ದೇಶದ ನೆಲ ಅನ್ನೋ ಥರ. ಆ ನೆಲದ ಕಥೆ ಸುಳ್ಳು, ಅದು ಆ ದೇಶದ್ದೇ ನೆಲ, ಆದ್ರೆ ಅಲ್ಲಿನ ಪೊಲೀಸರು ಒಪ್ಪಿಗೆ ಇಲ್ದೆ ಒಳಗೆ ಬರೋ ಹಾಗಿಲ್ಲ ಅಂತ ಒಪ್ಪಂದದಲ್ಲಿದೆ, ಅಷ್ಟೇ ವ್ಯತ್ಯಾಸ. ಆಮೇಲೆ ಆ ದೊಡ್ಡ ಗೇಟು ನಮಗಲ್ಲ. ನಮಗೆ ಪಕ್ಕದ ಗಲ್ಲಿಯಲ್ಲಿ ಒಂದು ಸಣ್ಣ ಬಾಗಿಲು, ಮೆಟಲ್ ಡಿಟೆಕ್ಟರ್, ಟೋಕನ್ ಮೆಷಿನ್, ಪ್ಲಾಸ್ಟಿಕ್ ಕುರ್ಚಿ, ಗಾಜಿನ ಹಿಂದೆ ಎರಡು ಕೌಂಟರ್. ಅಲ್ಲಿರೋ ತನ್ನ ದೇಶದವರ ಕಷ್ಟಸುಖ, ಕಾಗದಪತ್ರ ನೋಡೋ ಕಾನ್ಸುಲರ್ ಸೆಕ್ಷನ್ ಅನ್ನೋದು ಅದೇ. ನಂದು 17ನೇ ಟೋಕನ್, ಬೋರ್ಡಲ್ಲಿ ಓಡ್ತಾ ಇದ್ದದ್ದು 4.

ಹದಿಮೂರು ಜನ ಮುಗಿಯೋವರೆಗೂ ಕೂರಬೇಕು, ಫೋನ್ ಗೇಟಲ್ಲೇ ಇಸ್ಕೊಂಡಿದ್ರು, ಸರಿ ಅಂತ ಅಕ್ಕಪಕ್ಕದವರ ಮಾತು ಕೇಳ್ತಾ ಕೂತೆ.

ಪಕ್ಕದ ಕುರ್ಚಿಯಲ್ಲಿದ್ದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಕಾಲು ಒಂದೇ ಸಮ ಅಲ್ಲಾಡಿಸ್ತಾ ಇದ್ದ. ಅವನಣ್ಣ ಅಲ್ಲಿ ಕೆಲಸಕ್ಕಿದ್ದೋನು, ಹನ್ನೊಂದು ದಿನದ ಹಿಂದೆ ಪೊಲೀಸರು ಎತ್ತಾಕ್ಕೊಂಡು ಹೋಗಿದ್ದಾರೆ, ಯಾಕೆ ಅಂತ ಇವನಿಗೆ ಸರಿಯಾಗಿ ಗೊತ್ತಿಲ್ಲ. "ಅಕ್ಕಾ, ನಾನು ನಿನ್ನೆನೂ ಬಂದಿದ್ದೆ, ಅಣ್ಣ ಎಲ್ಲಿದಾನೆ ಅಂತ ಕೇಳಿದ್ರೆ ಅಣ್ಣನ ಒಪ್ಪಿಗೆ ಇಲ್ದೆ ಏನೂ ಹೇಳೋಕಾಗಲ್ಲ ಅಂತಾರೆ, ಸ್ವಂತ ತಮ್ಮ ನಾನು, ನಂಗೇ ಹೇಳಲ್ಲ ಅಂದ್ರೆ!" ನಂಗೂ ಕೇಳಿ ಮೈ ಉರೀತು. ಎಂಥ ಜನ ಇವರು ಅನ್ನಿಸ್ತು. ವಾಪಸ್ ಬಂದ್ಮೇಲೆ ಈ ವಿಷಯ ಹಿಡ್ಕೊಂಡು ಒಂದಷ್ಟು ಓದಿದೆ, ಆಗ ಗೊತ್ತಾಯ್ತು ಆ ಕೌಂಟರ್‌ನವರು ತಪ್ಪು ಮಾಡಿರ್ಲಿಲ್ಲ, ಹೇಳಿದ ರೀತಿ ಒರಟಾಗಿತ್ತು ಅನ್ನೋದು ಬೇರೆ.

ವಿಷಯ ಏನಂದ್ರೆ, ಇದಕ್ಕೆಲ್ಲ ಬುಡ 1963ರಲ್ಲಿ ವಿಯೆನ್ನಾದಲ್ಲಿ ಆದ ಒಂದು ಒಪ್ಪಂದ, ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದ ಅಂತ, 1967ರಿಂದ ಜಾರಿಯಲ್ಲಿದೆ, ಪ್ರಪಂಚದ ಬಹುತೇಕ ಎಲ್ಲ ದೇಶಗಳೂ ಇದಕ್ಕೆ ಸೇರಿವೆ. ಅದರಲ್ಲಿ 79 ವಿಧಿ ಇದೆ, ಹೆಚ್ಚಿನದೆಲ್ಲ ಆಫೀಸ್ ಕಟ್ಟಡ, ತೆರಿಗೆ, ಟಪಾಲು ಚೀಲ ಇಂಥವು. ನಮ್ಮಂಥವರಿಗೆ ಬೇಕಾದ್ದು 36ನೇದು. ವಿದೇಶದಲ್ಲಿ ನಿಮ್ಮನ್ನ ಹಿಡಿದು ಕೂಡಿ ಹಾಕಿದ್ರೆ, ನಿಮ್ಮ ದೇಶದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳೋ ಹಕ್ಕು ನಿಮಗಿದೆ ಅನ್ನೋದನ್ನ ಅವರೇ ನಿಮಗೆ ತಡ ಮಾಡದೆ ಹೇಳ್ಬೇಕು. ನೀವು ಹೂಂ ಅಂದ್ರೆ ತಡ ಮಾಡದೆ ತಿಳಿಸ್ಬೇಕು. ಕಾನ್ಸುಲೇಟ್‌ನವರು ಬಂದು ನಿಮ್ಮನ್ನ ನೋಡಬಹುದು, ಮಾತಾಡಬಹುದು, ವಕೀಲರ ವ್ಯವಸ್ಥೆ ಮಾಡಬಹುದು. ನೀವು ಬೇಡ ಅಂದ್ರೆ ಅವರು ಕೈ ಹಾಕೋ ಹಾಗಿಲ್ಲ.

ಈ "ಬೇಡ ಅಂದ್ರೆ" ಅನ್ನೋದು ಮೊದಲು ನಂಗೆ ವಿಚಿತ್ರ ಅನ್ನಿಸ್ತು, ಜೈಲಲ್ಲಿ ಕೂತು ಯಾರು ಬೇಡ ಅಂತಾರೆ ಅಂತ. ಆದ್ರೆ ಯೋಚನೆ ಮಾಡಿ, ತನ್ನ ಸರ್ಕಾರದಿಂದಾನೇ ತಪ್ಪಿಸ್ಕೊಂಡು ಓಡಿ ಬಂದೋರು ಇರ್ತಾರೆ, ಆಶ್ರಯ ಕೇಳ್ತಾ ಇರೋರು ಇರ್ತಾರೆ, ಅವರು ಎಲ್ಲಿದಾರೆ ಅಂತ ಅವರ ಎಂಬಸಿಗೆ ಗೊತ್ತಾಗೋದೇ ಅಪಾಯ. ಎಲ್ಲರಿಗೂ ಅವರ ಸರ್ಕಾರ ನೆಂಟ ಅಲ್ಲ. ಇನ್ನೊಂದು, ಮನೆಯವರಿಗೆ ಗೊತ್ತಾಗೋದು ಬೇಡ ಅನ್ನೋರೂ ಇರ್ತಾರೆ. ಅದಕ್ಕೇ ಆ ಹುಡುಗನಿಗೆ ಉತ್ತರ ಸಿಗ್ತಾ ಇರ್ಲಿಲ್ಲ. (ಕೆಲವು ದೇಶಗಳು ತಮ್ಮತಮ್ಮಲ್ಲೇ ಬೇರೆ ಒಪ್ಪಂದ ಮಾಡ್ಕೊಂಡಿರ್ತವೆ, ಅಮೆರಿಕ ಮತ್ತೆ ಚೀನಾ ಮಧ್ಯೆ ಇದ್ದ ಹಾಗೆ, ಅಲ್ಲಿ ಬಂಧಿತ ಬೇಕು ಅನ್ಲಿ ಬೇಡ ಅನ್ಲಿ ತಿಳಿಸಲೇಬೇಕು.)

ಈಗ ನಿಜವಾದ ತೊಂದರೆಗೆ ಬರ್ತೀನಿ. ಹಕ್ಕು ಇದೆ ಅಂತ ಅವರು ಹೇಳಲೇ ಇಲ್ಲ ಅಂದ್ರೆ?

ಅಮೆರಿಕದ ಅರಿಜೋನಾದಲ್ಲಿ 1982ರಲ್ಲಿ ಒಂದು ಬ್ಯಾಂಕ್ ದರೋಡೆಗೆ ಯತ್ನ ಆಯ್ತು, ಮ್ಯಾನೇಜರ್ ಕೊಲೆ ಆದ. ಹಿಡಿದದ್ದು ಕಾರ್ಲ್ ಮತ್ತು ವಾಲ್ಟರ್ ಲಾಗ್ರಾಂಡ್ ಅನ್ನೋ ಅಣ್ಣತಮ್ಮಂದಿರನ್ನ. ಇಬ್ಬರೂ ಜರ್ಮನಿಯಲ್ಲಿ ಹುಟ್ಟಿ ಚಿಕ್ಕವರಿದ್ದಾಗಲೇ ಅಮೆರಿಕಾಗೆ ಬಂದವರು, ಮಾತು ನಡೆ ಎಲ್ಲ ಅಲ್ಲಿಯವರ ಹಾಗೇ, ಆದ್ರೆ ಕಾಗದದಲ್ಲಿ ಜರ್ಮನ್ ಪ್ರಜೆಗಳು. ನಿಮ್ಮ ಕಾನ್ಸುಲೇಟ್‌ಗೆ ಹೇಳೋ ಹಕ್ಕಿದೆ ಅಂತ ಯಾರೂ ಅವರಿಗೆ ಹೇಳ್ಲಿಲ್ಲ. 1984ರಲ್ಲಿ ಮರಣದಂಡನೆ ಅಂತ ತೀರ್ಪಾಯ್ತು. ಜರ್ಮನ್ ಕಾನ್ಸುಲೇಟ್‌ಗೆ ವಿಷಯ ಮುಟ್ಟಿದ್ದು 1992ರಲ್ಲಿ, ಅದೂ ಸರ್ಕಾರದಿಂದ ಅಲ್ಲ, ಈ ಇಬ್ಬರು ಬೇರೆ ಕಡೆಯಿಂದ ಹಕ್ಕಿನ ಬಗ್ಗೆ ತಿಳ್ಕೊಂಡು ತಾವೇ ಮುಟ್ಟಿಸಿದ್ದು. ಅಷ್ಟರಲ್ಲಿ ಕೋರ್ಟಲ್ಲಿ ಇದನ್ನ ಎತ್ತೋ ಕಾಲ ಮೀರಿತ್ತು, ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರು. ಗೊತ್ತೇ ಇರದಿದ್ದದ್ದನ್ನ ಮೊದಲೇ ಹೇಳೋದು ಹೇಗೆ ಸ್ವಾಮಿ? 1999ರ ಫೆಬ್ರವರಿಯಲ್ಲಿ ಕಾರ್ಲ್‌ನ ಕೊಂದ್ರು. ಜರ್ಮನಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಓಡ್ತು, ಮಾರ್ಚ್ 3ಕ್ಕೆ ವಾಲ್ಟರ್‌ನ ಶಿಕ್ಷೆ ತಡೀರಿ ಅಂತ ಆದೇಶ ಬಂತು, ಅದೇ ದಿನ ಅವನನ್ನೂ ಕೊಂದ್ರು. 2001ರಲ್ಲಿ ತೀರ್ಪು ಬಂದು ಈ ಹಕ್ಕು ಬರೀ ದೇಶ ದೇಶದ ಮಧ್ಯದ ಮರ್ಯಾದೆ ವಿಷಯ ಅಲ್ಲ, ಆ ಮನುಷ್ಯನದೇ ಸ್ವಂತ ಹಕ್ಕು ಅಂತ ಆಯ್ತು. ಅಣ್ಣತಮ್ಮ ಇಬ್ಬರೂ ಹೋಗಿ ಎರಡು ವರ್ಷ ಆದ್ಮೇಲೆ.

ಆಮೇಲೂ ನಿಲ್ಲಲಿಲ್ಲ. 2004ರಲ್ಲಿ ಮೆಕ್ಸಿಕೋ ಇಂಥದ್ದೇ ಕೇಸ್ ಗೆದ್ದಾಗ ಐವತ್ತೊಂದು ಜನರ ವಿಷಯದಲ್ಲಿ ಅಮೆರಿಕ ಸರಿಯಾಗಿ ತಿಳಿಸಿಲ್ಲ ಅಂತ ನ್ಯಾಯಾಲಯ ಹೇಳ್ತು. ಮರುವರ್ಷ ಅಮೆರಿಕ ಏನ್ ಮಾಡ್ತು ಅಂದ್ರೆ, ಇಂಥ ಕೇಸುಗಳನ್ನ ಆ ನ್ಯಾಯಾಲಯಕ್ಕೆ ಒಯ್ಯೋಕೆ ದಾರಿ ಮಾಡ್ತಿದ್ದ ಹೆಚ್ಚುವರಿ ಒಪ್ಪಂದದಿಂದಾನೇ ಆಚೆ ಬಂತು. 2019ರಲ್ಲಿ ಭಾರತ ಪಾಕಿಸ್ತಾನದ ಮೇಲೆ ಹಾಕಿದ್ದ ಜಾಧವ್ ಕೇಸಲ್ಲೂ ಜಗಳ ಇದೇ 36ನೇ ವಿಧಿ ಮೇಲೆ, ಬೇಹುಗಾರಿಕೆ ಆರೋಪ ಇದ್ರೂ ಕಾನ್ಸುಲರ್ ಭೇಟಿ ಕೊಡಲೇಬೇಕು ಅಂತ ತೀರ್ಪಾಯ್ತು. "ತಡ ಮಾಡದೆ" ಅಂದ್ರೆ ಎಷ್ಟು ಹೊತ್ತು ಅನ್ನೋದೂ ದೊಡ್ಡ ವಾದ. ಹಿಡಿದ ಕ್ಷಣವೇ, ವಿಚಾರಣೆಗೆ ಮೊದಲೇ ಅಂತೇನಲ್ಲ, ಆದ್ರೆ ಈ ಮನುಷ್ಯ ವಿದೇಶಿ ಅಂತ ಗೊತ್ತಾದ ತಕ್ಷಣ, ಅಥವಾ ಇರಬಹುದು ಅಂತ ಅನುಮಾನ ಬಂದ ತಕ್ಷಣ ಹಕ್ಕಿನ ವಿಷಯ ಹೇಳ್ಬೇಕು ಅಂತ ಮೆಕ್ಸಿಕೋ ಕೇಸಲ್ಲೇ ಹೇಳಿದಾರೆ.

ನಂಗೆ ಇದರಿಂದ ತಲೇಲಿ ಉಳಿದದ್ದು ಒಂದೇ, ಬಾಯಿ ಬಿಟ್ಟು ಕೇಳ್ಬೇಕು. "ನನ್ನ ಕಾನ್ಸುಲೇಟ್‌ಗೆ ತಿಳಿಸಿ" ಅನ್ನೋ ಮೂರು ಪದ. ಹೋಗೋ ದೇಶದ ಭಾಷೆಯಲ್ಲಿ ನಮಸ್ಕಾರ, ಥ್ಯಾಂಕ್ಸ್, ಟಾಯ್ಲೆಟ್ ಎಲ್ಲಿ ಅಂತೆಲ್ಲ ಕಲ್ತು ಹೋಗ್ತೀವಲ್ಲ, ಇದನ್ನೂ ಕಲೀಬಹುದು.

ಆ ಹುಡುಗ ಕೇಳ್ತಾ ಇದ್ದದ್ದು ಒಂದೇ, ಯಾವಾಗ ಬಿಡಿಸ್ತಾರೆ. ನಾನೂ ಅವತ್ತು ಅದನ್ನೇ ಅಂದ್ಕೊಂಡಿದ್ದೆ, ಎಂಬಸಿ ಇರೋದೇ ಬಿಡಿಸೋಕಲ್ವಾ ಅಂತ. ಅಲ್ಲ. ಬಿಡಿಸೋ ಅಧಿಕಾರ ಅವರಿಗಿಲ್ಲ, ಆ ದೇಶದ ಕೋರ್ಟು ಪೊಲೀಸಿನ ಮಧ್ಯೆ ಮೂಗು ತೂರಿಸೋ ಹಾಗಿಲ್ಲ ಅಂತ ಅದೇ ಒಪ್ಪಂದದ 55ನೇ ವಿಧಿ ಹೇಳುತ್ತೆ. ವಕೀಲರ ಪಟ್ಟಿ ಕೊಡ್ತಾರೆ, ಇವರು ಒಳ್ಳೆಯವರು ಇವರನ್ನ ಹಿಡೀರಿ ಅಂತ ಸಾಮಾನ್ಯವಾಗಿ ಬಾಯಿ ಬಿಡಲ್ಲ. ಫೀಸು ನಮ್ಮದೇ. ಜಾಮೀನು ಕಟ್ಟಲ್ಲ, ತನಿಖೆ ಮಾಡಲ್ಲ. ಬಂದು ನೋಡ್ತಾರೆ. ಹೊಡೆದಿದಾರಾ, ಊಟ ಕೊಡ್ತಿದಾರಾ, ಮಾತ್ರೆ ಸಿಗ್ತಿದೆಯಾ, ಮನೆಗೆ ಏನ್ ಹೇಳ್ಬೇಕು ಅಂತ ಕೇಳ್ತಾರೆ. ಇಷ್ಟೇನಾ ಅನ್ಸುತ್ತೆ. ನನ್ನ ಲೆಕ್ಕದಲ್ಲಿ ಇದು ಸಣ್ಣದಲ್ಲ, ಈ ಮನುಷ್ಯ ಇಲ್ಲಿದಾನೆ ಅಂತ ಹೊರಗೆ ಒಬ್ಬರಿಗೆ ಗೊತ್ತು ಅನ್ನೋದು ಜೈಲಿನವರಿಗೂ ಗೊತ್ತಾದ್ರೆ, ಅಲ್ಲಿಂದ ಮುಂದೆ ಅವನನ್ನ ನಡೆಸ್ಕೊಳ್ಳೋ ರೀತೀಲಿ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತೆ.

ಶಿಕ್ಷೆ ಆದ್ಮೇಲೆ ಬೇರೆ ಒಂದು ದಾರಿ ಇದೆ, ಉಳಿದ ಶಿಕ್ಷೆ ತನ್ನ ದೇಶದ ಜೈಲಲ್ಲಿ ಕಳೆಯೋದು, ಅದಕ್ಕೆ 1983ರ ಒಪ್ಪಂದ ಇದೆ, ತೀರ್ಪು ಅಂತಿಮ ಆಗಿರ್ಬೇಕು, ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಬಾಕಿ ಇರ್ಬೇಕು, ಆ ಕೆಲಸ ಎರಡೂ ಕಡೆ ಅಪರಾಧ ಆಗಿರ್ಬೇಕು, ಕೈದಿ ಒಪ್ಪಬೇಕು, ಎರಡೂ ಸರ್ಕಾರ ಒಪ್ಪಬೇಕು. ಅಷ್ಟೆಲ್ಲ ಕೂಡಿ ಬರೋವಷ್ಟರಲ್ಲಿ ಎಷ್ಟೋ ಜನರ ಶಿಕ್ಷೆನೇ ಮುಗಿದಿರುತ್ತೆ ಅಂತ ಕಾಣುತ್ತೆ.

9ನೇ ಟೋಕನ್ ಕರೆದಾಗ ಎದ್ದದ್ದು ಒಬ್ಬ ವಯಸ್ಸಾದ ಅಮ್ಮ. ಒಬ್ಬರೇ ಬಂದಿದ್ರು, ಕೈಯಲ್ಲಿ ಎರಡು ಪಾಸ್‌ಪೋರ್ಟ್. ಒಂದು ಅವರದ್ದು, ಇನ್ನೊಂದು ಯಜಮಾನರದ್ದು. ಟೂರ್ ಬಂದಿದ್ರಂತೆ ಇಬ್ರೂ, ಮೂರು ದಿನದ ಹಿಂದೆ ಹೋಟೆಲಲ್ಲೇ ಹೃದಯ ನಿಂತುಹೋಗಿದೆ. ಗಾಜಿನ ಆಚೆ ಕೂತ ಹೆಣ್ಣುಮಗಳು ಎದ್ದು ಹೊರಗೆ ಬಂದು ಅವರ ಪಕ್ಕದಲ್ಲೇ ಕೂತು ಒಂದೊಂದೇ ಕಾಗದ ತೋರಿಸ್ತಾ ಹೋದ್ರು. ಹಿಂದಿನ ದಿನ ಆ ಹುಡುಗನಿಗೆ ಒರಟಾಗಿ ಉತ್ತರ ಕೊಟ್ಟದ್ದೂ ಇವರೇ ಅಂತೆ. ಮನುಷ್ಯರು ಹಾಗೇ ಅಲ್ವಾ.

ಅಷ್ಟು ಕಾಗದ ಇರುತ್ತೆ ಅಂತ ನಂಗೆ ಕನಸಲ್ಲೂ ಗೊತ್ತಿರ್ಲಿಲ್ಲ. ಅಲ್ಲಿನ ಆಸ್ಪತ್ರೆ ಕೊಡೋ ಸಾವಿನ ಕಾರಣದ ಪತ್ರ, ಅಲ್ಲಿನ ಮರಣ ಪ್ರಮಾಣಪತ್ರ, ಅದರ ಅನುವಾದ, ಸಾಂಕ್ರಾಮಿಕ ರೋಗ ಇರ್ಲಿಲ್ಲ ಅಂತ ಒಂದು ಪತ್ರ, ಎಂಬಾಮಿಂಗ್ (ಶವ ಕೆಡದ ಹಾಗೆ ಔಷಧಿ ಹಾಕೋದು) ಮಾಡಿದ್ದಕ್ಕೆ ಒಂದು ಪತ್ರ, ಪೆಟ್ಟಿಗೆ ಸರಿಯಾಗಿ ಸೀಲ್ ಆಗಿದೆ ಅಂತ ಒಂದು, ಪಾಸ್‌ಪೋರ್ಟ್ ರದ್ದು ಮಾಡಿದ್ದಕ್ಕೆ ಒಂದು, ಆಮೇಲೆ ಎಂಬಸಿಯ ಒಪ್ಪಿಗೆ ಪತ್ರ. ಯುರೋಪಿನಲ್ಲಿ ಇದಕ್ಕೆ 1937ರಲ್ಲಿ ಬರ್ಲಿನ್‌ನಲ್ಲಿ ಒಂದು, 1973ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಒಪ್ಪಂದ ಆಗಿದೆ, ಗಡಿ ದಾಟೋ ಶವಕ್ಕೆ ಅದರದ್ದೇ ಒಂದು ರಹದಾರಿ ಪತ್ರ ಬೇಕು ಅಂತ. ಸತ್ತ ಮೇಲೂ ಪಾಸ್‌ಪೋರ್ಟ್ ತಪ್ಪಲ್ಲ ನೋಡಿ. ಖರ್ಚು? ಅದು ಮನೆಯವರದ್ದು, ಇಲ್ಲ ಇನ್ಶೂರೆನ್ಸ್‌ನವರದ್ದು. ಟ್ರಾವೆಲ್ ಇನ್ಶೂರೆನ್ಸ್ ಅನ್ನೋದನ್ನ ಟಿಕೆಟ್ ಬುಕ್ ಮಾಡೋವಾಗ ಸುಮ್ನೆ ಟಿಕ್ ತೆಗೆದು ಬಿಡ್ತಿದ್ದೋಳು ನಾನು, ಅವತ್ತಿಂದ ತೆಗೆಯಲ್ಲ.

ಆ ಅಮ್ಮ ಹೊರಡೋವಾಗ ನನ್ನ ನೋಡಿ "ನಿಂದೇನಮ್ಮಾ?" ಅಂದ್ರು. ಪಾಸ್‌ಪೋರ್ಟ್ ಕಳ್ದೋಯ್ತು ಅಂದೆ, ಹೇಳೋಕೇ ನಾಚಿಕೆ ಆಯ್ತು. "ಅಷ್ಟೇ ತಾನೆ, ಕಾಗದ, ಇನ್ನೊಂದು ಕೊಡ್ತಾರೆ ಬಿಡು" ಅಂದು ಹೋದ್ರು.

ಇಂಥವರೆಲ್ಲ ಬರೋ ಜಾಗಕ್ಕೆ ಬೇರೆ ಥರದ ಕರೆಗಳೂ ಬರ್ತವೆ ಅನ್ನೋದು ಆಮೇಲೆ ಓದಿದ್ದು. ಬ್ರಿಟನ್ ವಿದೇಶಾಂಗ ಇಲಾಖೆಯವರು ಹಿಂದೆ ಆಗಾಗ ಒಂದು ಪಟ್ಟಿ ಬಿಡ್ತಿದ್ರು, ದಯವಿಟ್ಟು ಇಂಥದಕ್ಕೆಲ್ಲ ಫೋನ್ ಮಾಡ್ಬೇಡಿ ಅಂತ. ರೋಮ್‌ನಲ್ಲಿ ಒಬ್ಬರು ಟ್ಯಾಟೂ ಹಾಕಿಸ್ಕೊಳ್ಳೋಕೆ ಒಂದು ಸಾಲು ಅನುವಾದ ಮಾಡಿಕೊಡಿ ಅಂದಿದ್ರಂತೆ. ಬೀಜಿಂಗ್‌ನಲ್ಲಿ ಒಬ್ಬರ ದೂರು, ಮೇಡ್ ಇನ್ ಚೈನಾ ಫುಟ್‌ಬಾಲ್ ಬೂಟು ಚೆನ್ನಾಗಿಲ್ಲ ಅಂತ. ಟೆಲ್ ಅವೀವ್‌ನಲ್ಲಿ ಒಬ್ಬ ಹೆಂಡತಿ ತನ್ನ ಗಂಡನಿಗೆ ಆರೋಗ್ಯಕ್ಕೆ ಒಳ್ಳೇದು ತಿಂದು ಫಿಟ್ ಆಗು ಅಂತ ನೀವೇ ಬುದ್ಧಿ ಹೇಳಿ ಅಂದಿದಾರೆ. ಇದನ್ನ ಓದಿ ನಗೋವಾಗ ನಂಗೆ ಆ 9ನೇ ಟೋಕನ್ ನೆನಪಾಗಿ ನಗು ಅರ್ಧಕ್ಕೇ ನಿಂತ್ತು, ಲೈನ್ ಬ್ಯುಸಿ ಇದ್ದದ್ದು ಯಾರಿಗೋಸ್ಕರ ಅಂತ.

ಇನ್ನೊಂದು ಗುಂಪು ಇದೆ, ಎರಡು ಪಾಸ್‌ಪೋರ್ಟ್ ಇರೋರು. ಎರಡಿದ್ರೆ ಡಬಲ್ ರಕ್ಷಣೆ ಅಂದ್ಕೊಂಡಿರ್ತಾರೆ, ಆಗೋದು ಉಲ್ಟಾ. ಆ ಎರಡರಲ್ಲಿ ಒಂದು ದೇಶದೊಳಗೇ ಸಿಕ್ಕಿಹಾಕ್ಕೊಂಡ್ರೆ ಆ ದೇಶ ಇವನು ನಮ್ಮವನೇ, ನೀವ್ಯಾರು ಕೇಳೋಕೆ ಅನ್ನುತ್ತೆ. 1930ರ ಹೇಗ್ ಒಪ್ಪಂದದಲ್ಲೇ ಈ ಮಾತಿದೆ, ಒಬ್ಬನಿಗೆ ಇನ್ನೊಂದು ದೇಶದ ಪೌರತ್ವಾನೂ ಇದ್ರೆ ಆ ದೇಶದ ವಿರುದ್ಧ ಮೊದಲನೇ ದೇಶ ಅವನ ಪರ ನಿಲ್ಲೋ ಹಾಗಿಲ್ಲ ಅಂತ. ಇರಾನ್, ಚೀನಾ ಎರಡು ಪೌರತ್ವ ಒಪ್ಪೋದೇ ಇಲ್ಲ, ಹಾಗಾಗಿ ಅಲ್ಲಿ ಹುಟ್ಟಿ ಬೇರೆ ದೇಶದ ಪಾಸ್‌ಪೋರ್ಟ್ ತಗೊಂಡು ಅಜ್ಜಿ ನೋಡೋಕೆ ಅಂತ ಹೋದವರು ಒಳಗೆ ಸೇರಿದ್ರೆ ಕಾನ್ಸುಲರ್ ಭೇಟಿಯೇ ಸಿಗದೆ ಇರಬಹುದು.

ಎಂಬಸಿಯೇ ಇಲ್ಲದ ಕಡೆ ಸಿಕ್ಕಿಬಿದ್ರೆ ಪೂರ್ತಿ ಅನಾಥ ಅಂತೇನಿಲ್ಲ. ಇರಾನ್‌ನಲ್ಲಿ 1980ರಿಂದ ಅಮೆರಿಕದ ಎಂಬಸಿ ಇಲ್ಲ, ಅಮೆರಿಕನ್ನರ ವಿಷಯ ಸ್ವಿಟ್ಜರ್ಲೆಂಡ್‌ನವರು ನೋಡ್ಕೋತಾರೆ, ಉತ್ತರ ಕೊರಿಯಾದಲ್ಲಿ ಸ್ವೀಡನ್. ಯುರೋಪಿಯನ್ ಯೂನಿಯನ್‌ನಲ್ಲಿ ಒಂದು ದೇಶದ ಪ್ರಜೆ ತನ್ನ ಎಂಬಸಿ ಇಲ್ಲದ ಕಡೆ ಇನ್ನೊಂದು ಸದಸ್ಯ ದೇಶದ ಬಾಗಿಲು ತಟ್ಟಬಹುದು. ಕೆನಡಾ ಆಸ್ಟ್ರೇಲಿಯಾ 1986ರಲ್ಲೇ ಹೀಗೆ ಹಂಚ್ಕೊಂಡಿವೆ. ಇನ್ನು ಸಣ್ಣ ಊರುಗಳಲ್ಲಿ ಗೌರವ ಕಾನ್ಸುಲ್ ಅಂತ ಇರ್ತಾರೆ, ಹೆಚ್ಚಾಗಿ ಅಲ್ಲೇ ಇರೋ ವ್ಯಾಪಾರಿನೋ ವಕೀಲರೋ, ತಮ್ಮ ಕೆಲಸದ ಜೊತೆ ಇದನ್ನೂ ನೋಡ್ಕೊಳ್ಳೋರು. ಪುರಾತನ ಗ್ರೀಸ್‌ನಲ್ಲೇ ಈ ಪದ್ಧತಿ ಇತ್ತು, ಪ್ರಾಕ್ಸೆನಸ್ ಅಂತಿದ್ರು, ಒಂದು ನಗರದವನೇ ಇನ್ನೊಂದು ನಗರದಿಂದ ಬಂದವರ ಬೇಕುಬೇಡ ನೋಡ್ಕೋತಿದ್ದ. ಪಾಸ್‌ಪೋರ್ಟ್ ಅನ್ನೋ ಪುಸ್ತಕ ಬರೋಕೂ ಎಷ್ಟೋ ಮೊದಲೇ ಈ ಕೆಲಸ ಹುಟ್ಟಿತ್ತು ಅಂತಾಯ್ತು.

ಯುದ್ಧ, ಕೊರೋನಾ ಅಂತ ಆದಾಗ ವಿಮಾನ ಹಡಗು ಕಳಿಸಿ ಕರ್ಕೊಂಡು ಬರ್ತಾರಲ್ಲ, ಟಿವಿಯಲ್ಲಿ ನಾವು ನೋಡೋದು ಅದೊಂದೇ. ಅದೂ ಎಲ್ಲ ಕಡೆ ಪುಕ್ಕಟೆ ಅಲ್ಲ. 2020ರಲ್ಲಿ ಜರ್ಮನಿ ತನ್ನವರನ್ನ ಕರೆಸ್ಕೊಂಡಾಗ ದೂರ ನೋಡಿ 200ರಿಂದ 1,000 ಯೂರೋ ತನಕ ಆಮೇಲೆ ವಸೂಲಿ ಮಾಡ್ತು, ಅಮೆರಿಕದವರು ವಿಮಾನ ಹತ್ತೋಕೆ ಮುಂಚೆ ಸಾಲಪತ್ರಕ್ಕೆ ಸೈನ್ ಹಾಕಿಸ್ಕೋತಾರೆ. ಕೆನಡಾ 2006ರಲ್ಲಿ ಲೆಬನಾನ್‌ನಿಂದ ಸುಮಾರು 15 ಸಾವಿರ ಜನರನ್ನ ಕರೆತಂದಾಗ, ಅಲ್ಲೇ ವರ್ಷಗಟ್ಟಲೆ ಇದ್ದೋರಿಗೆ ನಮ್ಮ ದುಡ್ಡು ಯಾಕೆ ಅಂತ ಊರಲ್ಲಿ ದೊಡ್ಡ ರಂಪ ಆಯ್ತು. ಪಾಸ್‌ಪೋರ್ಟ್ ಇದ್ದೋರೆಲ್ಲ ನಮ್ಮವರೇ ಅನ್ನೋದು ನನ್ನ ಅಭಿಪ್ರಾಯ, ಎಷ್ಟು ದಿನ ಎಲ್ಲಿದ್ರಿ ಅಂತ ಹಡಗಿನ ಬಾಗಿಲಲ್ಲಿ ನಿಂತು ಕೇಳೋಕಾಗುತ್ತಾ.

ಸರಿ, ನನ್ನ ಕಥೆ. 17 ಬಂತು. ಕಂಪ್ಲೇಂಟ್ ಕಾಪಿ, ಎರಡು ಫೋಟೋ, ಇಮೇಲಲ್ಲಿ ಇದ್ದ ಹಳೇ ಪಾಸ್‌ಪೋರ್ಟ್ ಸ್ಕ್ಯಾನಿನ ಪ್ರಿಂಟ್ ತೋರಿಸಿದೆ. ಆ ಸ್ಕ್ಯಾನ್ ಇದ್ದದ್ದಕ್ಕೆ ಬದುಕಿದೆ, ಇಲ್ಲದಿದ್ರೆ ನಾನು ನಾನೇ ಅಂತ ತೋರಿಸೋಕೆ ಇನ್ನೊಂದು ವಾರ ಬೇಕಾಗ್ತಿತ್ತಂತೆ. ನಾಳೆ ಬನ್ನಿ, ಒಂದೇ ಸಲ ಪ್ರಯಾಣ ಮಾಡೋ ಎಮರ್ಜೆನ್ಸಿ ಡಾಕ್ಯುಮೆಂಟ್ ಕೊಡ್ತೀವಿ ಅಂದ್ರು. ಅದರ ಜೊತೆ ಯಾರೂ ಮೊದಲೇ ಹೇಳದ ಎರಡು ವಿಷಯ ಹೇಳಿದ್ರು. ಒಂದು, ವೀಸಾ ಹಳೇ ಪಾಸ್‌ಪೋರ್ಟಲ್ಲೇ ಹೋಯ್ತಲ್ಲ, ಈಗ ನಾನು ಆ ದೇಶಕ್ಕೆ ಬಂದದ್ದಕ್ಕೇ ಸಾಕ್ಷಿ ಇಲ್ಲ, ಹಾಗಾಗಿ ಅಲ್ಲಿನ ಇಮಿಗ್ರೇಷನ್ ಆಫೀಸಿಗೆ ಹೋಗಿ ಹೊರಗೆ ಹೋಗೋಕೆ ಅನುಮತಿ ತಗೋಬೇಕು. ಎರಡು, ನನ್ನ ವಾಪಸ್ ಟಿಕೆಟ್ ಮಧ್ಯೆ ಇನ್ನೊಂದು ದೇಶದಲ್ಲಿ ಇಳಿದು ಹತ್ತೋದಿತ್ತು, ಈ ತಾತ್ಕಾಲಿಕ ಕಾಗದವನ್ನ ಕೆಲವು ದೇಶಗಳು ಟ್ರಾನ್ಸಿಟ್‌ಗೂ ಒಪ್ಪಲ್ಲ, ಏರ್‌ಲೈನ್‌ನವರನ್ನ ಕೇಳ್ಕೊಳ್ಳಿ ಅಂದ್ರು. ಕೇಳಿದೆ, ಒಪ್ಪಲ್ಲ ಅಂದ್ರು, ಟಿಕೆಟ್ ಬದಲಾಯಿಸ್ದೆ, ಆ ದುಡ್ಡಿನ ವಿಷಯ ಬೇಡ ಬಿಡಿ. ಕಳೆದದ್ದು ಆಮೇಲೆ ಸಿಕ್ಕಿದ್ರೂ ಬಳಸ್ಬೇಡಿ ಅಂತಾನೂ ಅಂದ್ರು, ಕಳೆದ ಪಾಸ್‌ಪೋರ್ಟ್ ನಂಬರ್ ಇಂಟರ್‌ಪೋಲ್ ಪಟ್ಟಿಗೆ ಹೋಗುತ್ತೆ, 2002ರಿಂದ ಆ ಪಟ್ಟಿ ಇದೆ, ಮುಂದೆ ಎಲ್ಲಾದ್ರೂ ಅದನ್ನ ತೋರಿಸಿದ್ರೆ ಕಳ್ಳಿ ಅಂತ ಹಿಡಿಯೋದು ನನ್ನನ್ನೇ. ಟ್ರಾನ್ಸ್‌ಲೇಟ್ ಆ್ಯಪ್ ಮೊದಲೇ ಭವಿಷ್ಯ ಹೇಳಿತ್ತು.

ಎರಡನೇ ಬೆಳಗ್ಗೆ ಹೋದಾಗ ಆ ಹುಡುಗ ಅದೇ ಕುರ್ಚಿಯಲ್ಲಿ. ಈ ಸಲ ಅವನ ಟೋಕನ್ ನಂಗಿಂತ ಮುಂದೆ ಇತ್ತು. ಹಿಂದಿನ ದಿನ ಮಧ್ಯಾಹ್ನ ಒಬ್ಬ ಆಫೀಸರ್ ಜೈಲಿಗೆ ಹೋಗಿ ಬಂದಿದ್ರಂತೆ, ಅಣ್ಣ ಮನೆಯವರಿಗೆ ಹೇಳಿ ಅಂತ ಕಾಗದಕ್ಕೆ ಸೈನ್ ಹಾಕಿದ್ದಾನೆ. ಗಾಜಿನ ಮುಂದೆ ಐದು ನಿಮಿಷ ಬಗ್ಗಿ ನಿಂತು ಕೇಳಿಸ್ಕೊಂಡು ವಾಪಸ್ ಬಂದ.

"ಏನಂತೆ?"

"ಕೇಸ್ ಬಗ್ಗೆ ವಕೀಲರನ್ನೇ ಕೇಳ್ಬೇಕಂತೆ ಅಕ್ಕಾ. ಬಿಡೋದು ಯಾವಾಗ ಅಂತ ಗೊತ್ತಿಲ್ಲಂತೆ." ಸ್ವಲ್ಪ ಹೊತ್ತು ಸುಮ್ನಿದ್ದ. "ಹಲ್ಲು ನೋವಂತೆ ಅವನಿಗೆ. ಕನ್ನಡಕ ಒಡೆದೋಗಿದೆಯಂತೆ, ನನ್ನ ಹತ್ರ ಇರೋ ಹಳೇದು ಕಳಿಸು ಅಂದಿದಾನಂತೆ."

ಅಂದು, ನಗ್ತಾ ಬ್ಯಾಗಲ್ಲಿ ಕನ್ನಡಕದ ಡಬ್ಬಿ ಹುಡುಕೋಕೆ ಶುರು ಮಾಡಿದ. ಹನ್ನೆರಡು ದಿನದಿಂದ ಅದನ್ನ ಜೊತೆಗೇ ಇಟ್ಕೊಂಡು ಓಡಾಡ್ತಾ ಇದ್ನಂತೆ.